ಎಡರೆಕ್ಕೆಯ ಮೂಳೆ

ಕೋಲ್ಟರ್ಸ್ ಫೋರ್ಡ್, ಸಸ್ಕ್ವೆಹಾನಾ ದಂಡೆ
೧೭೮೪ನೇ ಇಸವಿ, ಮೇ ೨೧, ಶುಕ್ರವಾರ

ನನ್ನ ಮುದ್ದಿನ ಡಾರ್ಕಸ್,

ನೀನೂ ಅಳಿಯಂದಿರೂ ಪುಟ್ಟಿಯೂ ದೇವರ ದಯೆಯಿಂದ ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವಿಬ್ಬರೂ ನಮ್ಮ ವಯಸ್ಸಿಗೆ ತಕ್ಕ ಹಾಗೆ ಇದ್ದೇವೆ. ನಿನ್ನ ಕಾಗದ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ನನ್ನನ್ನು ಬೈದುಕೋ, ಆದರೆ ಪೂರ್ತಿ ಬೈಯಬೇಡ. ಹೊಳೆ ಉಕ್ಕಿ ಕಡವಿನ ಹಗ್ಗವನ್ನೇ ಕಿತ್ತುಕೊಂಡು ಹೋಯಿತು. ಕಾಗದ ಒಯ್ಯುವ ಗಾಡಿಯವನು ಆಚೆ ದಡದಲ್ಲೇ ಉಳಿದ. ನೀರು ಇಳಿಯಿತು ಅನ್ನುವಷ್ಟರಲ್ಲಿ ಶಾಡ್ ಮೀನು ಏರಿ ಬಂತು. ಶಾಡ್ ಬಂದಾಗ ಈ ಊರಿನಲ್ಲಿ ಸಾಯುವುದಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಈ ಕಾಗದ ಮೂಸಿದರೂ ನಿನಗೆ ಉಪ್ಪು ಮೀನಿನ ವಾಸನೆಯೇ ಬಂದೀತು.

ಪುಟ್ಟಿಗೆ ಹಲ್ಲು ಬರುತ್ತಿದೆ, ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ ಎಂದು ಬರೆದಿದ್ದೀಯ. ಒದ್ದೆ ಬಟ್ಟೆಯ ತುದಿಯಲ್ಲಿ ಚೂರು ಮೇಪಲ್ ಸಕ್ಕರೆ ಕಟ್ಟಿ ಚೀಪಲು ಕೊಡು. ಲ್ಯಾಂಕಾಸ್ಟರಿನ ವೈದ್ಯರು ಏನೇ ಹೇಳಲಿ, ನಿನಗೂ ಸೈಲಸ್‌ಗೂ ಹಲ್ಲು ಬಂದದ್ದು ಹಾಗೆಯೇ.

ಈ ಬೇಸಿಗೆಯೂ ಬರಲಾಗುವುದಿಲ್ಲ ಎಂದಿದ್ದೀಯ. ಹೋದ ವರ್ಷ ಅಳಿಯಂದಿರ ಟೋಪಿ ಅಂಗಡಿ, ಅದರ ಹಿಂದಿನ ವರ್ಷ ದಾರಿಯ ಕೆಸರು, ಈಗ ಹಲ್ಲು. ನಾನು ಏನೂ ಅನ್ನುವುದಿಲ್ಲ. ನಿನ್ನ ಕಾಗದವನ್ನು ಓದಿ ಹೇಳಿದಾಗ ನಿನ್ನ ಅಪ್ಪ ಎದ್ದು ಹೋಗಿ ಸೌದೆ ಒಡೆಯಲು ಕುಳಿತರು. ಒಡೆಯಬೇಕಾದ ಸೌದೆ ಏನೂ ಇರಲಿಲ್ಲ.

ತಡವಾಗಲು ಇನ್ನೊಂದು ಕಾರಣವೂ ಇದೆ. ನಮ್ಮ ತಂಗುಮನೆಯ ಬೋರ್ಡು. ನಗಬೇಡ, ಮರದ ಹಲಗೆಯೊಂದು ಮನುಷ್ಯರನ್ನು ಎಷ್ಟು ಕುಣಿಸಬಹುದು ಎಂದು ನಾನು ಈ ವಸಂತದಲ್ಲಿ ಕಂಡೆ.

ಮೊದಲು ನಮ್ಮ ಬೋರ್ಡಿನ ಮೇಲೆ ರಾಜನ ತಲೆಯಿತ್ತಲ್ಲ, ಯುದ್ಧ ಶುರುವಾದ ಬೇಸಿಗೆಯಲ್ಲಿ ಊರ ಗಂಡಸರು ಅದರ ಮೂಗಿಗೆ ಗುರಿಯಿಟ್ಟು ಮದ್ದು ಹಾಳು ಮಾಡಿದರಲ್ಲ. ಆಗ ಅದನ್ನು ಇಳಿಸಿ ಉಪ್ಪು ಹಂದಿಯ ಪೀಪಾಯಿಗೆ ಮುಚ್ಚಳ ಮಾಡಿದವಳು ನಾನು. ಅಂದಿನಿಂದ ನಮ್ಮ ಬಾಗಿಲ ಕಂಬ ಬೋಳು. ಈಗ ಶಾಂತಿಯಾಯಿತು, ರಾಜನ ಕೆಂಪು ಕೋಟಿನ ಸೈನಿಕರು ಹಡಗು ಹತ್ತಿದರು, ದೇಶ ನಮ್ಮದಾಯಿತು. ಇನ್ನು ಬೋರ್ಡು ಹಾಕಿಸಲೇಬೇಕು, ಅದರ ಮೇಲೆ ದೇಶದ ಮುದ್ರೆಯ ಹದ್ದೇ ಇರಬೇಕು, ಬಣ್ಣದ ಖರ್ಚು ನನ್ನದು ಎಂದು ಮುಂದೆ ಬಂದವರು ಕ್ಯಾಪ್ಟನ್ ರೂಫಸ್ ಟೆನೆಂಟ್.

ಆ ಹೆಸರು ಓದಿ ನಿನ್ನ ಮುಖ ಹೇಗಾಗಿರಬಹುದೆಂದು ನನಗೆ ಗೊತ್ತು. ನಿನ್ನ ಅಪ್ಪನನ್ನು ಬೇಹುಗಾರನೆಂದು ಗಿರಣಿಯ ಉಗ್ರಾಣದಲ್ಲಿ ಕೂಡಿಹಾಕಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರನ್ನು ನಾನು ಸೇಬಿನ ಸೈಡರ್ ಕೊಟ್ಟು ಕೂರಿಸಬೇಕಾಗಿದೆ. ತಂಗುಮನೆ ನಡೆಸುವವಳಿಗೆ ಹಗೆ ಸಾಧಿಸುವ ಸೌಕರ್ಯವಿಲ್ಲ. ಬಾಗಿಲಿಗೆ ಬಂದವನು ಗಿರಾಕಿ.

ಕ್ಯಾಪ್ಟನ್ ಈಗ ದಂಡಿನ ಅಧಿಕಾರಿಗಳೆಲ್ಲ ಸೇರಿ ಕಟ್ಟಿಕೊಂಡ ಸಂಘದ ಸದಸ್ಯರು. ನೀಲಿ ಪಟ್ಟಿಯಲ್ಲಿ ಚಿನ್ನದ ಹಕ್ಕಿಯೊಂದು ಎದೆಯ ಮೇಲೆ ತೂಗುತ್ತಿರುತ್ತದೆ. ಮೊದಲ ದಿನ ಅದನ್ನು ಹಾಕಿಕೊಂಡು ಒಳಗೆ ಬಂದಾಗ ನಮ್ಮ ಹಲ್ಡಾ ಅಜ್ಜಿ ಒಲೆಯ ಪಕ್ಕ ಕುಳಿತಿದ್ದಳು. ಹೊಳೆಯಾಚೆಯ ಮನೆಯಿಂದ ದಿನಾ ಬಂದು ಕೂರುವುದನ್ನು ಅವಳು ಇನ್ನೂ ಬಿಟ್ಟಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, “ಕ್ಯಾಪ್ಟನ್ನೇ, ಟರ್ಕಿ ಕೋಳಿ ಚೆನ್ನಾಗಿದೆ. ಕತ್ತು ಯಾಕೆ ಹಿಂಗೆ ನೇತು ಹಾಕಿದಾರೆ?” ಎಂದಳು. ತಂಗುಮನೆಯೆಲ್ಲ ಘೊಳ್ಳೆಂದಿತು. ಅದು ಹದ್ದು ಎಂದು ಕ್ಯಾಪ್ಟನ್ ಹಲ್ಲು ಕಚ್ಚಿ ವಿವರಿಸಿದರು.

ಅಜ್ಜಿ ಬಿಡುತ್ತಾಳೆಯೇ. ಹದ್ದನ್ನು ಈ ಹೊಳೆಯ ಮೇಲೆ ಅರವತ್ತು ವರ್ಷದಿಂದ ನೋಡಿದ್ದೇನೆ, ಪಾಪದ ಮೀನುಗಿಡುಗ ಮುಳುಗಿ ಮೀನು ಹಿಡಿದರೆ ಅದನ್ನು ಬೆನ್ನಟ್ಟಿ ಕಿತ್ತುಕೊಂಡು ತಿನ್ನುವ ಜಾತಿ ಅದು, ನಮ್ಮ ಮೇಲೆ ತೆರಿಗೆ ಹಾಕಿದ ರಾಜನೂ ಅದನ್ನೇ ತಾನೇ ಮಾಡಿದ್ದು ಎಂದಳು. ಅದಕ್ಕಿಂತ ಟರ್ಕಿ ವಾಸಿಯಂತೆ. ಈ ನೆಲದಲ್ಲೇ ಹುಟ್ಟಿದ್ದು, ಹಸಿದ ಚಳಿಗಾಲಗಳಲ್ಲಿ ನಮ್ಮನ್ನು ಸಾಕಿದ್ದು. ಮನುಷ್ಯರು ತಿನ್ನುವ ಹಕ್ಕಿಯನ್ನು ಯಾರಾದರೂ ದೇಶದ ಮುದ್ರೆ ಮಾಡುತ್ತಾರೆಯೇ ಎಂದು ಕ್ಯಾಪ್ಟನ್ ಕೇಳಿದರು. “ಯಾಕ್ ಮಾಡ್ಬಾರ್ದು? ನಮ್ಮನ್ನ ತಿನ್ನೋದಕ್ಕಿಂತ ನಾವು ತಿನ್ನೋದೇ ಮೇಲು” ಎಂದಳು ಅಜ್ಜಿ. ಅಲ್ಲಿಂದ ಊರು ಎರಡು ಪಂಗಡವಾಯಿತು. ಸೈಡರ್ ಚೆನ್ನಾಗಿ ಖರ್ಚಾಯಿತು, ನಾನು ದೂರುವುದಿಲ್ಲ.

ಬಣ್ಣ ಹಾಕಲು ಬಂದವನು ಓಬೆಡ್ ಎಂಬ ಊರೂರು ಸುತ್ತುವ ಆಸಾಮಿ. ಬೋರ್ಡು, ತೊಟ್ಟಿಲು, ಶವಪೆಟ್ಟಿಗೆ ಎಲ್ಲಕ್ಕೂ ಅವನದೊಂದೇ ಕುಂಚ. ಹದ್ದನ್ನು ಅವನು ಹತ್ತಿರದಿಂದ ನೋಡಿದವನೇ ಅಲ್ಲ. ಕ್ಯಾಪ್ಟನ್ ತಮ್ಮ ಪದಕವನ್ನು ದೂರದಿಂದ ತೋರಿಸಿದರು, ಬಿಚ್ಚಿ ಕೈಗೆ ಕೊಡಲಿಲ್ಲ. ಓಬೆಡ್ ಏನು ಮಾಡಿಯಾನು? ತಲೆಯನ್ನು ಪದಕ ನೋಡಿ ಬರೆದ. ಮೈಗೆ ಬಂದಾಗ ಅಂಗಳದಲ್ಲಿ ತಿರುಗುತ್ತಿದ್ದ ನಮ್ಮ ಗವರ್ನರನ್ನು ನೋಡಿ ಬರೆದ.

ಗವರ್ನರ್ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಬಂದವನು. ನಿನ್ನ ಅಪ್ಪ ಕಾಡಿನಲ್ಲಿ ಸಿಕ್ಕ ಮೊಟ್ಟೆಯನ್ನು ನಮ್ಮ ಕೋಳಿಯ ಅಡಿಯಲ್ಲಿಟ್ಟು ಮರಿ ಮಾಡಿಸಿದ ಕಾಡು ಟರ್ಕಿ ಹುಂಜ. ಎದೆ ತಾಮ್ರದ ಕೊಡದ ಹಾಗೆ ಮಿನುಗುತ್ತದೆ. ಕೆಂಪು ಬಟ್ಟೆ ಕಂಡರೆ ಆಗದು, ಟೆನೆಂಟ್ ಅವರ ಹೆಂಡತಿಯನ್ನು ಕೆಂಪು ಮೇಲುವಸ್ತ್ರದ ಸಮೇತ ಒಮ್ಮೆ ಬಾವಿಕಟ್ಟೆ ಹತ್ತಿಸಿದ್ದಾನೆ. ಕೊನೆಗೆ ಬೋರ್ಡಿನಲ್ಲಿ ಮೂಡಿದ್ದು ಕತ್ತಿನಿಂದ ಮೇಲೆ ಹದ್ದು, ಕತ್ತಿನಿಂದ ಕೆಳಗೆ ಗವರ್ನರ್. ನಾನು ನೋಡಿ ನಕ್ಕು ಕುಳಿತುಬಿಟ್ಟೆ. ನಿನ್ನ ಅಪ್ಪ ಕೂಡ ನಕ್ಕರು. ಡಾರ್ಕಸ್, ಅವರು ನಕ್ಕದ್ದನ್ನು ಯುದ್ಧವಾದ ಮೇಲೆ ನಾನು ನೋಡಿರಲಿಲ್ಲ.

ಆ ನಗುವೇ ಮುಳುವಾಯಿತು. ಅದೇ ಹೊತ್ತಿಗೆ ಕ್ಯಾಪ್ಟನ್ ಒಳಗೆ ಬಂದರು. ಬೋರ್ಡು ನೋಡಿದರು, ನಿನ್ನ ಅಪ್ಪನ ಮುಖ ನೋಡಿದರು. ಇದು ಬೇಕೆಂದೇ ಮಾಡಿದ ಅವಮಾನ, ಓಬೆಡ್‌ಗೆ ಹೇಳಿಕೊಟ್ಟವನು ಎದುರಿಗೇ ನಗುತ್ತಿರುವ ಈ ಜಾಬೆಜ್, ಹಳೆಯ ಬುದ್ಧಿ ಎಲ್ಲಿ ಹೋದೀತು, ಅಂದು ಶತ್ರುವಿಗೆ ಸನ್ನೆ ಮಾಡಿದವನು ಇಂದು ದೇಶವನ್ನು ಕೋಳಿ ಮಾಡಿ ನೇತುಹಾಕುತ್ತಿದ್ದಾನೆ ಎಂದರು. ಗಿರಾಕಿಗಳು ಲೋಟ ಕೆಳಗಿಟ್ಟರು. ಆ ಮಾತು ಸತ್ತುಹೋಗಿದೆ ಎಂದುಕೊಂಡಿದ್ದೆ, ಬೂದಿ ಮುಚ್ಚಿದ ಕೆಂಡವಾಗಿತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ಬರೆಯದೆ ಇರಲಾರೆ. ಶರತ್ಕಾಲದಲ್ಲಿ ಟರ್ಕಿ ಹಿಂಡಿಗೆ ನುಗ್ಗಿ ಚದುರಿಸುವುದು, ಆಮೇಲೆ ಬಂಡೆಯ ಹಿಂದೆ ಕುಳಿತು ಮೂಳೆ ಪೀಪಿಯಲ್ಲಿ ಕರೆಯುವುದು, ಚದುರಿ ದಾರಿ ತಪ್ಪಿದ ಮರಿಗಳು ತಾಯಿಯೇ ಕರೆಯಿತೆಂದು ಕೀ ಕೀ ಎನ್ನುತ್ತ ಬರುವುದು, ಇದು ಈ ಕಣಿವೆಯ ಮಕ್ಕಳಿಗೂ ಗೊತ್ತು. ನಿನ್ನ ಅಪ್ಪ ಒಂದೇ ಹಕ್ಕಿಯ ಎರಡು ರೆಕ್ಕೆಗಳಿಂದ ಎರಡು ಪೀಪಿ ಮಾಡಿದ್ದರು, ಬಲರೆಕ್ಕೆಯದು ಸೈಲಸ್‌ಗೆ, ಎಡರೆಕ್ಕೆಯದು ನಿನಗೆ. ಮೂಳೆಯನ್ನು ಕುದಿಸಿ, ಒಂದರೊಳಗೊಂದು ಸೇರಿಸಿ, ಮೇಣ ಮೆತ್ತಿ ಕೊಟ್ಟಾಗ ನೀವಿಬ್ಬರೂ ಅದನ್ನು ಬಾಯಲ್ಲಿಟ್ಟು ಊದಿ ಊದಿ ಸೋತಿರಿ. ಊದುವುದಲ್ಲ, ಮುತ್ತು ಕೊಡುವ ಹಾಗೆ ಉಸಿರನ್ನು ಒಳಕ್ಕೆ ಎಳೆಯಬೇಕು ಎಂದು ತೋರಿಸಿದರು. ಆಮೇಲೆ ಒಂದು ವಾರ ನನ್ನ ಮನೆಯಲ್ಲಿ ಇಬ್ಬರು ಮಕ್ಕಳಿರಲಿಲ್ಲ, ಎರಡು ಟರ್ಕಿ ಮರಿಗಳಿದ್ದವು. ಕಾಡಿನಲ್ಲಿ ದಾರಿ ತಪ್ಪಿದರೆ ಕುಳಿತಲ್ಲೇ ಕುಳಿತು ಮರಿಯ ಕೂಗು ಕೂಗಬೇಕು, ಅಪ್ಪ ತಾಯಿಯ ಕೂಗು ಕೂಗುತ್ತ ಬರುತ್ತಾರೆ, ಇದು ನಿಮ್ಮ ಮೂವರ ಒಪ್ಪಂದವಾಗಿತ್ತು.

ಯುದ್ಧದ ನಡುವಿನ ಆ ಬೇಸಿಗೆ ನಮ್ಮ ಸೈಲಸ್, ಟೆನೆಂಟ್ ಅವರ ತುಕಡಿಯಲ್ಲಿ ಮೇಲಿನ ಕಣಿವೆಯ ಕಾಳಗಕ್ಕೆ ಹೋದ. ತುಕಡಿ ಸೋತು ಚೆಲ್ಲಾಪಿಲ್ಲಿಯಾಗಿ ಬಂತು, ಅವನು ಬರಲಿಲ್ಲ. ಸತ್ತವರ ಸಾಲಿನಲ್ಲಿ ಅವನ ಹೆಸರು ಹೇಳಲಿಲ್ಲ, ಓಡಿಹೋದವರ ಸಾಲಿನಲ್ಲಿ ಹೇಳಿದರು. ಓಡಿಹೋದವನು ಸಿಕ್ಕರೆ ಆಗ ಏನು ಮಾಡುತ್ತಿದ್ದರೆಂದು ನಿನಗೂ ಗೊತ್ತು. ಶರತ್ಕಾಲ ಬಂದಾಗ ನಿನ್ನ ಅಪ್ಪ ಬೆಳಗಿನ ಜಾವ ಹೊಳೆಯಂಚಿನ ಬಂಡೆಗೆ ಹೋಗಿ ಕುಳಿತು ತಾಯಿಯ ಕೂಗು ಕೂಗತೊಡಗಿದರು. ಹುಡುಗ ಕಾಡಿನಲ್ಲಿ ಎಲ್ಲಾದರೂ ಅಡಗಿದ್ದರೆ ಕೇಳಿಸಲಿ ಎಂದು. ಯಾರಿಗೂ ಹೇಳುವಂತಿರಲಿಲ್ಲ, ಹೇಳಿದರೆ ಬಂಡೆಯ ಸುತ್ತ ಬಂದೂಕು ಹಿಡಿದು ಕಾಯುತ್ತಿದ್ದರು. ಮನೆಯೊಳಗೆ ನಮಗೆ ಮೂವರಿಗೆ ಗೊತ್ತಿತ್ತು, ಮೂವರೂ ಬಾಯಿಗೆ ಬೀಗ ಹಾಕಿಕೊಂಡೆವು.

ನಮ್ಮ ಜನರ ಕಿವಿ ನಿನಗೆ ಗೊತ್ತಲ್ಲ. ಅಡಗಿ ಕುಳಿತ ಶತ್ರುವಿನ ಕೂಗನ್ನು ಹಕ್ಕಿಯದೆಂದು ನಂಬಿ ಹೋಗಿ ಪ್ರಾಣ ಕಳೆದುಕೊಂಡವರು ಈ ಗಡಿಯಲ್ಲಿ ಕಡಿಮೆಯಿಲ್ಲ. ಒಂದೇ ಬಂಡೆಯಿಂದ ದಿನವೂ ಕೂಗುವ ಹೇಂಟೆ ಹೇಂಟೆಯಲ್ಲ ಎಂದು ಅವರಿಗೆ ಬೇಗ ತಿಳಿಯಿತು. ಕೂಗಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ ಎಂದೂ ತಿಳಿಯಿತು. ಆಮೇಲೆ ಒಂದು ಬೆಳಿಗ್ಗೆ ಹೊಳೆಯಾಚೆಯಿಂದ ಮರಿಯ ಕೂಗು ಉತ್ತರ ಕೊಟ್ಟಿತು. ಮಾರನೆಯ ದಿನವೂ ಕೊಟ್ಟಿತು. ಒಬ್ಬ ಕೂಗಿದರೆ ಬೇಟೆ, ಇಬ್ಬರು ಕೂಗಿದರೆ ಸಂಚು ಎಂದು ಲೆಕ್ಕ ಹಾಕಿ ಟೆನೆಂಟ್ ಬಂದು ನಿನ್ನ ಅಪ್ಪನ ಕೈ ಕಟ್ಟಿಸಿ ಕರೆದೊಯ್ದರು. ಯಾರಿಗೆ ಸನ್ನೆ ಮಾಡುತ್ತಿದ್ದೆ, ಉತ್ತರ ಕೊಟ್ಟವನು ಯಾರು ಎಂದು ಉಗ್ರಾಣದಲ್ಲಿ ಕೂರಿಸಿ ಕೇಳಿದರು. ಅಪ್ಪ ತುಟಿ ಬಿಚ್ಚಲಿಲ್ಲ. ಸಾಕ್ಷಿಯಿಲ್ಲವೆಂದು ಬಿಟ್ಟರು, ಬಂದೂಕು ಕಿತ್ತುಕೊಂಡರು, ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಕಳಿಸಿದರು. ಆ ಚಳಿಗಾಲವೇ ನೀನು ಲ್ಯಾಂಕಾಸ್ಟರಿಗೆ ಹೋದೆ.

ಈಗ ಕ್ಯಾಪ್ಟನ್ ಹೇಳುವುದೇನೆಂದರೆ, ಜೂನಿನಲ್ಲಿ ಕೋರ್ಟು ತಂಗುಮನೆಯ ಪರವಾನಗಿ ಮುಂದುವರಿಸುವಾಗ ತಾವು ಎದ್ದು ನಿಂತು ಬೇಡವೆನ್ನುತ್ತಾರಂತೆ. ದೇಶಕ್ಕೆ ನಿಷ್ಠೆಯಿಲ್ಲದ ಮನೆಯಲ್ಲಿ ಪ್ರಯಾಣಿಕರು ಮಲಗಬಾರದಂತೆ. ಹಾಗಾಗಬಾರದೆಂದಿದ್ದರೆ ನಾಳೆ ಬೋರ್ಡು ಏರಿಸುವಾಗ ಜಾಬೆಜ್ ಊರೆದುರಿಗೆ ಆ ಹಳೆಯ ಪ್ರಶ್ನೆಗೆ ಉತ್ತರ ಕೊಡಲಿ ಎಂದಿದ್ದಾರೆ.

ನಾನು ರಾತ್ರಿ ಊಟದ ಹೊತ್ತಿಗೆ ಹೇಳಿದೆ, ಯುದ್ಧ ಮುಗಿಯಿತು, ಇನ್ನು ಸೈಲಸ್‌ನನ್ನು ಯಾರೂ ಏನೂ ಮಾಡುವುದಿಲ್ಲ, ಹೇಳಿಬಿಡಿ ಎಂದು. ಅವರು ಗಂಜಿಯನ್ನು ಕಲಕುತ್ತ ಕುಳಿತರು. “ಯಾರನ್ನ ಕರೀತಿದ್ದೆ ಅಂತ ಹೇಳ್ಬೋದು ಕೆಜಾಯಾ. ಉತ್ತರ ಕೊಟ್ಟೋರು ಯಾರು ಅಂತ ಕೇಳ್ತಾರಲ್ಲ” ಎಂದರು. ಗಾಡಿಯವನು ಹೇಳುತ್ತಿದ್ದ, ಪ್ಯಾರಿಸ್ಸಿನಲ್ಲಿ ನಮ್ಮ ಪರವಾಗಿ ಸಂಧಾನ ಮಾಡಿದ ದೊಡ್ಡ ಮುದುಕರನ್ನೂ ಫಿಲಡೆಲ್ಫಿಯಾದಲ್ಲಿ ಕೆಲವರು ಬೇಹುಗಾರರೆಂದು ಗುಸುಗುಸು ಆಡುತ್ತಾರಂತೆ. ಅಂಥವರನ್ನೇ ಬಿಡದ ಬಾಯಿ ನಮ್ಮನ್ನು ಬಿಟ್ಟೀತೆ ಎಂದು ಸಮಾಧಾನಕ್ಕೆ ಹೇಳಿದೆ. ಸಮಾಧಾನವಾದ ಹಾಗೆ ಕಾಣಲಿಲ್ಲ. ಗಾಡಿ ಸೋಮವಾರ ಹೊರಡುತ್ತದೆ. ನಾಳೆ ಆಗುವುದನ್ನು ನೋಡಿ ಉಳಿದದ್ದು ಬರೆಯುತ್ತೇನೆ.

ಮೇ ೨೪, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ಊರೆಲ್ಲ ಅಂಗಳದಲ್ಲಿತ್ತು. ಮೀನು ಕೊಯ್ಯುವುದನ್ನು ಬಿಟ್ಟು ಬಂದಿದ್ದರು, ಅದರಿಂದಲೇ ತಿಳಿದುಕೋ. ಓಬೆಡ್ ಏಣಿ ಇಟ್ಟುಕೊಂಡು ಕಾಯುತ್ತಿದ್ದ, ಬೋರ್ಡು ಕಂಬಕ್ಕೆ ಒರಗಿತ್ತು. ಗವರ್ನರನ್ನು ನಾನು ಬುಟ್ಟಿಯಡಿ ಮುಚ್ಚಿಟ್ಟಿದ್ದೆ, ಅವನು ಒಳಗಿನಿಂದಲೇ ಬೈಯುತ್ತಿದ್ದ. ಕ್ಯಾಪ್ಟನ್ ಪದಕ ಹಾಕಿಕೊಂಡು ಬಂದು ನಿಂತರು. ನಿನ್ನ ಅಪ್ಪ ಭಾನುವಾರದ ಅಂಗಿ ಹಾಕಿಕೊಂಡು ಹೊರಗೆ ಬಂದರು.

ಕ್ಯಾಪ್ಟನ್ ಬಹಳ ಮಾತಾಡಲಿಲ್ಲ. ಊರಿಗೆ ಒಂದು ಉತ್ತರ ಬರಬೇಕಾಗಿದೆ, ಕೇಳೋಣ ಎಂದರು. ನಿನ್ನ ಅಪ್ಪ ಅಂಗಿಯ ಒಳಗೆ ಕೈ ಹಾಕಿ ತಮ್ಮ ಹಳೆಯ ಮೂಳೆ ಪೀಪಿಯನ್ನು ತೆಗೆದರು. ಅದನ್ನು ಎಂದೋ ಒಲೆಗೆ ಹಾಕಿದ್ದಾರೆಂದು ನಾನು ತಿಳಿದಿದ್ದೆ. ಹಳದಿಯಾಗಿತ್ತು. ಒಂದು ಸಲ ತಾಯಿಯ ಕೂಗು ಕೂಗಿದರು. ಬುಟ್ಟಿಯೊಳಗೆ ಗವರ್ನರ್ ಬೈಯುವುದನ್ನು ನಿಲ್ಲಿಸಿದ.

“ನನ್ನ ಮಗನ್ನ ಕರೀತಿದ್ದೆ,” ಎಂದರು. “ನಿಮ್ಮ ತುಕಡೀಲಿ ಇದ್ದ. ಓಡಿಹೋದ ಅಂದ್ರಿ. ಓಡಿಹೋಗಿದ್ರೆ ಮನೆ ಕಡೆಗೆ ತಾನೇ ಬರಬೇಕು? ದಾರಿ ತಪ್ಪಿರ್ಬೋದು ಅಂತ ಕರೆದೆ. ಆಗ ಹೇಳಿದ್ರೆ ಅವನನ್ನ ಹಿಡಿಯೋಕೆ ಕಾಯ್ತಿದ್ರಿ. ಅದಕ್ಕೆ ಹೇಳ್ಲಿಲ್ಲ.”

ಸೈಲಸ್ ಜೊತೆ ಈಜಿದ ಹುಡುಗರು, ಈಗ ಗಡ್ಡ ಬಂದವರು, ನೆಲ ನೋಡುತ್ತ ನಿಂತಿದ್ದರು. ಟೋಪಿಗಳು ಒಂದೊಂದಾಗಿ ಕೆಳಗಿಳಿದವು. ಕ್ಯಾಪ್ಟನ್ ಮುಖ ಬಿಳುಚಿತ್ತು, ಆದರೂ ಅವರು ಹಟ ಬಿಡುವ ಜನವಲ್ಲ. ಉತ್ತರ ಬಂತಲ್ಲ, ನಾನೇ ಕೇಳಿದ್ದೇನೆ, ಅದು ಯಾರು ಎಂದು ಮೆಲ್ಲಗೆ ಕೇಳಿದರು.

“ಹಕ್ಕಿ,” ಎಂದರು ನಿನ್ನ ಅಪ್ಪ.

“ಹಕ್ಕಿ ಅಲ್ಲ ಜಾಬೆಜ್.”

“ಹಕ್ಕಿ ಅಂದೆನಲ್ಲ. ಅದರ ಮೇಲೆ ನನ್ನ ಹತ್ರ ಇನ್ನೊಂದು ಮಾತಿಲ್ಲ. ಪರವಾನಗಿ ಬೇಕಾದ್ರೆ ತಗೊಂಡ್ಹೋಗಿ.”

ಆಗ ಹಲ್ಡಾ ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಹೊಳೆಯಾಚೆ ಇರುವ ಮನೆ ನನ್ನದೊಂದೇ, ಆ ಬೆಳಿಗ್ಗೆ ಹಾಲು ಕರೆಯುತ್ತಿದ್ದೆ, ಕಣ್ಣಾರೆ ನೋಡಿದೆ ಎಂದಳು. “ಹಕ್ಕೀನೇ ಕಣಪ್ಪಾ ರೂಫಸ್. ಚಿಕ್ಕ ಹಕ್ಕಿ. ಸಾಕಾ?” ಎಂದು ಅವರ ಪದಕವನ್ನು ಕೋಲಿನ ತುದಿಯಿಂದ ಒಮ್ಮೆ ತಟ್ಟಿದಳು. ಈಗ ಅವಳ ಮಾತನ್ನು ಸುಳ್ಳೆನ್ನಲು ಊರಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಅವರಿಗೆ ಮನಸ್ಸೂ ಇರಲಿಲ್ಲ ಎಂದು ನನಗೆ ಅನ್ನಿಸಿತು.

ಕ್ಯಾಪ್ಟನ್ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಪದಕದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. “ಅವತ್ತು ನಾವೆಲ್ಲ ಓಡಿದ್ವಿ ಜಾಬೆಜ್. ಎಲ್ಲರಿಗಿಂತ ಮುಂದೆ ನಾನಿದ್ದೆ. ಹಿಂದೆ ಯಾರು ಬಿದ್ರು, ಯಾರು ಬರ್ತಾ ಇದಾರೆ ಅಂತ ತಿರುಗಿ ನೋಡ್ಲಿಲ್ಲ. ನೋಡದೇ ಇದ್ದೋನು ಏನು ಹೇಳ್ಬೇಕು? ಸಿಗದೇ ಇರೋರೆಲ್ಲ ಓಡಿಹೋದ್ರು ಅಂದೆ.”

ನಾನು ಅವರನ್ನು ಹರಿದು ತಿನ್ನಬೇಕೆಂದು ಇಷ್ಟು ವರ್ಷ ಕಾದವಳು. ಆ ಕ್ಷಣ ಬಂದಾಗ ಕೋಪವೇ ಬರಲಿಲ್ಲ, ಮಗಳೇ. ಏಣಿಯ ಮೇಲೆ ಕುಳಿತವನು ನನ್ನ ಕಣ್ಣಿಗೆ ಒಬ್ಬ ಹೆದರಿದ ಮುದುಕನಾಗಿ ಕಂಡ. ನನ್ನ ಮಗ ಓಡಲಿಲ್ಲವೋ, ಓಡಿದನೋ, ಓಡುತ್ತ ಬಿದ್ದನೋ, ಅದು ಯಾರಿಗೂ ಗೊತ್ತಿಲ್ಲ ಎಂಬುದು ಮಾತ್ರ ಗೊತ್ತಾಯಿತು. ಒಳಗೆ ಹೋಗಿ ಅವರಿಗೆ ಒಂದು ಲೋಟ ಸೈಡರ್ ತಂದುಕೊಟ್ಟೆ. ಅದು ಬಿಟ್ಟರೆ ನನಗೆ ಬೇರೆ ಏನೂ ಮಾಡಲು ಬರುವುದಿಲ್ಲ.

ಓಬೆಡ್ ಮೆಲ್ಲಗೆ, ಬೇಕಾದರೆ ಹೊಟ್ಟೆಯನ್ನು ಸ್ವಲ್ಪ ಸಣ್ಣ ಮಾಡಿ ಹದ್ದೇ ಮಾಡಿಕೊಡುತ್ತೇನೆ ಎಂದ. ಕ್ಯಾಪ್ಟನ್ ಬೇಡವೆಂದು ತಲೆಯಾಡಿಸಿದರು. “ಹದ್ದಿಗೆ ಓಡೋಕೆ ಬರಲ್ಲ. ಇದಕ್ಕೆ ಬರುತ್ತೆ. ನಮಗೆ ಇದೇ ಸರಿ,” ಎಂದು ಎದ್ದು, ತಾವೇ ಏಣಿ ಹಿಡಿದುಕೊಂಡರು. ನಿನ್ನ ಅಪ್ಪ ಹತ್ತಿ ಬೋರ್ಡು ತಗುಲಿಹಾಕಿದರು. ಸೈಲಸ್ ಹೆಸರನ್ನು ಬಿದ್ದವರ ಜೊತೆ ಚರ್ಚಿನಲ್ಲಿ ಓದಿಸುತ್ತೇನೆ ಎಂದು ಕ್ಯಾಪ್ಟನ್ ಹೋಗುವಾಗ ಹೇಳಿದರು. ನಿನ್ನೆ ಓದಿಸಿದರು ಕೂಡ. ನಾವು ಮುಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಪಾದ್ರಿಗಳು ಸೈಲಸ್ ಎನ್ನುವಾಗ ಅಪ್ಪ ನನ್ನ ಕೈ ಹಿಡಿದರು. ಮನೆಗೆ ಬಂದು ನಾನು ಹೊಟ್ಟೆ ತುಂಬ ಅತ್ತೆ. ಈಗ ಹಗುರಾಗಿದ್ದೇನೆ, ಚಿಂತಿಸಬೇಡ.

ಬೋರ್ಡಿಗೆ ಊರವರು ಆಗಲೇ ಟರ್ಕಿ ಮನೆ ಎಂದು ಹೆಸರಿಟ್ಟಿದ್ದಾರೆ. ಗವರ್ನರ್ ಅದರ ಕೆಳಗೆ ನಿಂತು ಅದನ್ನು ಜಗಳಕ್ಕೆ ಕರೆಯುತ್ತಾನೆ. ಕಡವಿನ ಹೊಸ ಹಗ್ಗ ಗಟ್ಟಿಯಾಗಿದೆ, ದಾರಿ ಒಣಗಿದೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಪುಟ್ಟಿಗೆ ಇನ್ನೂ ಮುಖ ನೋಡದ ಅಜ್ಜಿಯ ಮುತ್ತು ಕೊಡು. ದೇವರು ನಿನ್ನ ಮನೆಯ ಒಲೆಯನ್ನು ಆರದಂತೆ ಕಾಯಲಿ, ನಿನ್ನ ಮಗಳು ನಿನಗಿಂತ ಗಟ್ಟಿ ಹಲ್ಲಿನವಳಾಗಲಿ.

ಇಂತಿ ನಿನ್ನ ಪ್ರೀತಿಯ ತಾಯಿ,
ಕೆಜಾಯಾ

ಮತ್ತೆ: ಗಾಡಿಯವನು ಎತ್ತುಗಳಿಗೆ ನೀರು ಕುಡಿಸುತ್ತಿದ್ದಾನೆ, ಅಷ್ಟರಲ್ಲಿ ಇದನ್ನೂ ಬರೆದುಬಿಡುತ್ತೇನೆ. ಇದನ್ನು ಬರೆಯುವುದಕ್ಕೇ ಉಳಿದದ್ದನ್ನೆಲ್ಲ ಬರೆದೆನೋ ಏನೋ.

ಹೊಳೆಯಾಚೆಯಿಂದ ಉತ್ತರ ಕೊಟ್ಟವಳು ನೀನು ಎಂದು ನನಗೆ ಅಂದಿನಿಂದಲೂ ಗೊತ್ತು, ಡಾರ್ಕಸ್. ಎರಡು ಬೆಳಿಗ್ಗೆಯೂ ನಿನ್ನ ಲಂಗದ ಅಂಚು ಮೊಣಕಾಲವರೆಗೆ ಒದ್ದೆಯಾಗಿತ್ತು. ಕಿಟಕಿಯ ಮೊಳೆಗೆ ನೇತುಹಾಕಿದ್ದ ನಿನ್ನ ಎಡರೆಕ್ಕೆಯ ಪೀಪಿ ಅಲ್ಲಿರಲಿಲ್ಲ. ಅಪ್ಪನಿಗೆ ಒಂದಿಷ್ಟು ಆಸೆ ಸಿಗಲಿ ಎಂದು ನೀನು ಮಾಡಿದೆ, ಅದೇ ಅವರ ಕೈಗೆ ಹಗ್ಗವಾಯಿತು. ಆ ಭಾರ ಹೊತ್ತುಕೊಂಡೇ ನೀನು ಹೋದೆ, ಅದಕ್ಕೇ ಬರುತ್ತಿಲ್ಲ ಎಂಬುದೂ ನನಗೆ ಗೊತ್ತು. ಅವರಿಗೆ ತಿಳಿದರೆ ನೊಂದುಕೊಂಡಾರೆಂದು ನಾನು ಬದುಕಿನುದ್ದಕ್ಕೂ ಹೇಳಬಾರದೆಂದುಕೊಂಡಿದ್ದೆ.

ನಿನ್ನೆ ಚರ್ಚಿನಿಂದ ಬರುವಾಗ ಅವರೇ ಹೇಳಿದರು. ಮೊದಲ ಕೂಗಿಗೇ ತಿಳಿಯಿತಂತೆ. ಕತ್ತೆ ಒದ್ದು ನಿನ್ನ ಮುಂದಿನ ಹಲ್ಲು ಮುರಿದಿತ್ತಲ್ಲ, ನೀನು ಎಳೆಯುವಾಗ ಕೊನೆಯಲ್ಲಿ ಉಸಿರು ಸೋರುತ್ತದೆ. ಸೈಲಸ್‌ನ ಕೂಗಿಗೆ ಅದಿರಲಿಲ್ಲ. “ಅವನಲ್ಲ ಅಂತ ಗೊತ್ತಾಯ್ತು. ಗೊತ್ತಿದ್ದೂ ಮಾರನೇ ದಿನ ಹೋದೆ ಕೆಜಾಯಾ. ಒಬ್ಬಳಾದ್ರೂ ಉತ್ತರ ಕೊಡ್ತಾಳಲ್ಲ ಅಂತ,” ಎಂದರು. ಉಗ್ರಾಣದಲ್ಲಿ ತುಟಿ ಬಿಚ್ಚದೆ ಕುಳಿತದ್ದು ಸೈಲಸ್‌ಗಾಗಿ ಮಾತ್ರ ಅಲ್ಲ, ಮಗಳೇ.

ಇವತ್ತು ಬೆಳಿಗ್ಗೆ ಹಾಸಿಗೆ ಖಾಲಿಯಿತ್ತು. ಹೊರಗೆ ಹೋಗಿ ನೋಡಿದರೆ ಆ ಬಂಡೆಯ ಮೇಲೆ ಕುಳಿತು ಪೀಪಿಯಲ್ಲಿ ಕರೆಯುತ್ತಿದ್ದರು. ಹತ್ತಿರ ಹೋಗಿ, ನಿನ್ನೆ ತಾನೇ ಅವನ ಹೆಸರು ಓದಿಸಿ ಬಂದಿದ್ದೇವೆ, ಇನ್ನು ಯಾರನ್ನು ಕರೆಯುತ್ತೀರಿ ಎಂದು ಕೇಳಿದೆ.

“ಉತ್ತರ ಕೊಟ್ಟೋಳನ್ನ,” ಎಂದರು.